ನೀರಿದೆಯೇ? ಹೌದು

ಕಳೆದ ವರ್ಷ ಏಪ್ರಿಲ್‌ನ ಒಂದು ಶನಿವಾರ, ಬೆಳಗ್ಗೆ ಹತ್ತೂವರೆಗೆ, ನಾನು ಕೆ.ಆರ್. ಪುರದ ಆಚೆಗಿನ ಒಂದು ಹಳ್ಳಿಯ ಕೆರೆ ಏರಿಯ ಮೇಲೆ ನಿಂತಿದ್ದೆ. ಎಡಕ್ಕೆ ಕೆರೆ, ಬಲಕ್ಕೆ ಪಾಳುಬಿದ್ದ ಗದ್ದೆ. ಕೋಡಿಗೆ ಇಪ್ಪತ್ತು ಹೆಜ್ಜೆ. ಇಷ್ಟು ನಿಖರವಾಗಿ ಏಕೆ ಹೇಳುತ್ತಿದ್ದೇನೆ? ಅಲ್ಲಿ ನಡೆದದ್ದಕ್ಕೆ ನಾನು ಸಾಕ್ಷಿ. ರುಜು ಹಾಕಿದ ಸಾಕ್ಷಿ.

ಕೋಡಿ ಹರಿಯುತ್ತಿತ್ತು. ಏಪ್ರಿಲ್‌ನಲ್ಲಿ! (ಮಳೆ ಕಂಡು ಎಷ್ಟೋ ತಿಂಗಳಾಗಿತ್ತು.) ಹರಿಯುತ್ತಿದ್ದದ್ದು ಮೇಲ್ಗಡೆಯ ಅಪಾರ್ಟ್‌ಮೆಂಟುಗಳ ಕೊಳಚೆ. ಕಪ್ಪು ನೀರು, ಮೇಲೆ ಬಿಳಿ ನೊರೆ.

ನನ್ನನ್ನು ಕರೆಸಿದ್ದು ಚೌಡಮ್ಮ. ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ ಸೊಪ್ಪು ಮಾರುತ್ತಿದ್ದವರು. ನಮ್ಮ ಮನೆಗೆ ವರ್ಷಗಟ್ಟಲೆ ಅವರದೇ ದಂಟು.

"ಪೇಪರ್‌ಗೆ ಬರೀತೀಯಲ್ಲಪ್ಪ, ನಮ್ಗೂ ಒಂದು ಅರ್ಜಿ ಬರ್ಕೊಡು" ಅಂದಿದ್ದರು. ಕೆರೆಗೆ ಕೊಳಚೆ ಬಿಡುವುದನ್ನು ನಿಲ್ಲಿಸಿ ಎಂದು ಬರೆದುಕೊಟ್ಟಿದ್ದೆ. ಕೊಳಚೆ ಅವರ ಬಾವಿಗೂ ಇಳಿದಿತ್ತು. ಮಡಿಯಲ್ಲೇ ಸೊಪ್ಪು ಕೊಳೆಯುತ್ತಿತ್ತು. ಅರ್ಜಿ ಬಿದ್ದುಹೋದರೆ ಅವರ ಅರ್ಧ ಎಕರೆಯೂ ಹೋದಂತೆ.

ಅವತ್ತು ಆ ಅರ್ಜಿಯ ಪರಿಶೀಲನೆಗೆಂದು ಪಂಚಾಯಿತಿ ಕಾರ್ಯದರ್ಶಿ ಬಂದಿದ್ದರು. ಪಂಚಾಯಿತಿ ತನ್ನ ಪರಿಸರವನ್ನು ಎಷ್ಟು ಚೆನ್ನಾಗಿ ನೋಡಿಕೊಂಡಿದೆ ಎಂದು ಅಂಕ ಕೊಡುವ ಫಾರಂ ಅವರ ಕೈಯಲ್ಲಿತ್ತು. ಕೆರೆಗೆ ಒಂದೇ ಪ್ರಶ್ನೆ. ಉತ್ತರ ಹೇಳಬೇಕಾದವರು ಚೌಡಮ್ಮನ ಗಂಡ ಮುನಿಯಪ್ಪ. ಅವರು ಊರಿನ ನೀರಗಂಟಿ, ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದವರು. ಬೇಸಾಯ ನಿಂತರೂ ಆ ಹೆಸರು ಉಳಿದಿತ್ತು. ನೀರಿನ ವಿಷಯದಲ್ಲಿ ನೀರಗಂಟಿ ಸುಳ್ಳಾಡುವಂತಿಲ್ಲ.

"ಕೆರೆಯಲ್ಲಿ ವರ್ಷವಿಡೀ ನೀರಿದೆಯೇ?"

ಮುನಿಯಪ್ಪ ಕೆರೆ ನೋಡಿದರು. "ಐತೆ."

"ಫುಲ್ ಮಾರ್ಕ್ಸ್!" ಕಾರ್ಯದರ್ಶಿ ಟಿಕ್ ಹಾಕಿದರು.

"ಐತೆ ಅಂದೆ ಸ್ವಾಮಿ. ಬಳ್ಸಂಗೈತೆ ಅನ್ಲಿಲ್ಲ. ವಾಸ್ನೆ ಬರ್ಕೊಳಿ."

"ವಾಸನೆಗೆ ಕಾಲಂ ಇಲ್ವಲ್ಲ. ಹೌದಾ, ಇಲ್ವಾ, ಅಷ್ಟೇ."

"ಇಲ್ಲ ಅನ್ನು!" ಚೌಡಮ್ಮ ಗದರಿದರು. "ಅದೂ ಒಂದು ನೀರಾ? ನಿನ್ ಮೂಗೇನು ಸತ್ತೋಗೈತಾ?"

"ಕಣ್ಮುಂದೆ ಇರೋದ್ನ ಇಲ್ಲ ಅಂತ ಹೆಂಗಮ್ಮಿ ಹೇಳ್ಲಿ?"

ಮುನಿಯಪ್ಪ ಹೆಬ್ಬೆಟ್ಟು ಒತ್ತಿದರು.

ಕಾರ್ಯದರ್ಶಿ ನನ್ನತ್ತ ತಿರುಗಿದರು. "ಸಾರ್, ಓದಿದೋರು ನೀವು. ಸಾಕ್ಷಿಗೆ ಒಂದು ಸೈನ್."

ಎರಡು ಸಲ ಓದಿದೆ. ಸುಳ್ಳು ಎಲ್ಲೂ ಇರಲಿಲ್ಲ. ಹಾಕಿದೆ. ಪಕ್ಕದಲ್ಲಿ ಒಂದೇ ಒಂದು ಸಾಲು ಸೇರಿಸಬಹುದಿತ್ತಲ್ಲವೇ? (ಪೆನ್ನು ನನ್ನದೇ ಆಗಿತ್ತು.)

ಎರಡು ತಿಂಗಳಿಗೆ ಅರ್ಜಿ ವಾಪಸ್ ಬಂತು. ಕೆರೆ ವರ್ಷವಿಡೀ ತುಂಬಿರುವುದು ದೃಢಪಟ್ಟಿದೆ, ಆದ್ದರಿಂದ ಕ್ರಮದ ಅಗತ್ಯವಿಲ್ಲ ಎಂಬ ಷರಾ. ಓದಿ ಹೇಳಿದೆ. "ನಾನು ಹೇಳಿದ್ದು ಅದಲ್ವಲ್ಲ" ಅಂದರು ಮುನಿಯಪ್ಪ. ಇನ್ನೊಂದು ಸಲ ಓದಿಸಿದರು. ಆಮೇಲೆ ಅವರು ಏರಿಯ ಕಡೆ ಹೋಗಲಿಲ್ಲವಂತೆ. ಮಳೆಗಾಲ ಮುಗಿಯುವ ಮೊದಲೇ ಬಾವಿ ಮುಚ್ಚಿಸಿದರು. ಸಂಕ್ರಾಂತಿಯ ಹಿಂದಿನ ವಾರ ತೀರಿಕೊಂಡರು.

ಆ ಬೆಳಗ್ಗೆ ಅಲ್ಲಿದ್ದವರು ನಾಲ್ವರು. ಮುನಿಯಪ್ಪ ಇಲ್ಲ. ಕಾರ್ಯದರ್ಶಿ ವರ್ಗವಾಗಿ ಎಲ್ಲೋ ಇದ್ದಾರೆ. ನಾನಿದ್ದೇನೆ. ಚೌಡಮ್ಮ ಇದ್ದಾರೆ. ಸರಿಯಾದ ಉತ್ತರ ಹೇಳಿದ್ದು ಅವರೊಬ್ಬರೇ, ಅವರನ್ನು ಯಾರೂ ಕೇಳಿರಲಿಲ್ಲ.