ನೀರಿಗೆ ಬಿದ್ದ ವಾರಂಟು

ನರಸೀಪುರದ ಕಡವಿನಲ್ಲಿ ನಾನು ಹರಿಗೋಲು ಹತ್ತುತ್ತಿದ್ದೆ. ಪಕ್ಕದಲ್ಲಿ ರುಮಾಲು ಬಿಚ್ಚಿ ಸುತ್ತಿಕೊಳ್ಳುತ್ತಿದ್ದ ಪೊಲೀಸ್ ಪೇದೆಯ ರುಮಾಲಿನೊಳಗಿಂದ ಕಾಗದವೊಂದು ಗಾಳಿಗೆ ಹಾರಿ ಕಪಿಲೆಯ ಪಾಲಾಯಿತು. ಅದು ತಾಲ್ಲೂಕಿನ ಅಮಲ್ದಾರರು ರುಜು ಹಾಕಿದ್ದ ವಾರಂಟು. ದನ ಕದ್ದನೆಂದು ನಂಜನಗೂಡಿನ ಕಡೆ ಹಿಡಿದ ಆಸಾಮಿಯೊಬ್ಬನನ್ನು, ಕೈಗೆ ಹಗ್ಗ ಬಿಗಿದು, ಪೇದೆ ಆಚೆ ದಡದ ಕಚೇರಿಗೆ ಕರೆದೊಯ್ಯುತ್ತಿದ್ದ.

ಕಾಗದ ಹೋದದ್ದೇ ಪೇದೆ ಆಸಾಮಿಯ ಕೈಯ ಹಗ್ಗ ಬಿಚ್ಚತೊಡಗಿದ.

“ಇದೇನ್ ಸಾ, ಕಚೇರಿ ಅಲ್ಲೇ ಕಾಣ್ತದೆ. ಅಂಗೇ ಕರ್ಕೊಂಡೋಗಿ,” ಎಂದ ಅಂಬಿಗ.

“ಕಾಗದ ಇಲ್ದೆ ಇವನ್ನ ಕಟ್ಟಾಕಕ್ಕೆ ನಾನ್ಯಾರ್ಲಾ? ಇನ್ನೊಂದ್ ಬರೆಸ್ಕೊಂಡು ಬತ್ತೀನಿ,” ಎಂದ ಪೇದೆ.

ಆಸಾಮಿಯನ್ನು ಈಚೆ ದಡದಲ್ಲೇ ಬಿಟ್ಟು ನಮ್ಮೊಂದಿಗೆ ಹೊಳೆ ದಾಟಿದ. ನನಗೂ ಕಚೇರಿಯಲ್ಲಿ ಕೆಲಸವಿತ್ತು. ಕೈದಿ ತಪ್ಪಿಸಿಕೊಂಡು ಓಡಿದನೆಂದು ಹೇಳಿದ್ದರೆ ಅಲ್ಲಿ ಎಲ್ಲರೂ ನಂಬುತ್ತಿದ್ದರು. ಅವನು ಮಾತ್ರ ನಡೆದದ್ದನ್ನು ನಡೆದಂತೆಯೇ ಹೇಳಿದ. ಅಮಲ್ದಾರರು ಬೈಯುತ್ತಲೇ ಹೊಸ ವಾರಂಟು ಬರೆದುಕೊಟ್ಟರು.

ನಾವು ಹಿಂದಿರುಗಿದಾಗ ದಡದಲ್ಲಿ ಯಾರೂ ಇರಲಿಲ್ಲ. ಆಸಾಮಿ ಮತ್ತೆ ಸಿಗಲೇ ಇಲ್ಲ. ತಿಂಗಳೊಳಗೆ ಪೇದೆಯ ಕೆಲಸ ಹೋಯಿತೆಂದು ಅಂಬಿಗನಿಂದ ತಿಳಿಯಿತು.

ಅವನು ಮಾಡಿದ್ದು ಸರಿಯೋ ತಪ್ಪೋ ನಾನರಿಯೆ; ದನ ಕಳೆದುಕೊಂಡವನು ಖಂಡಿತ ಶಪಿಸಿರುತ್ತಾನೆ. ಪೊಲೀಸರ ನಡುಪಟ್ಟಿಗೆ ಊರೆಲ್ಲ ಹೆದರುವುದನ್ನು ಚಿಕ್ಕಂದಿನಿಂದ ಕಂಡಿದ್ದೆ. ಅದನ್ನು ಕಟ್ಟಿಕೊಂಡವನೇ ಅದಕ್ಕೆ ಅಂಜಿದ್ದನ್ನು ಕಂಡದ್ದು ಅಂದೇ ಮೊದಲು.