ನೀಲಕ್ಕನ ಹೊಂಡದ ಇಂಜಿನ್

ಮೊದಲ ಒಂದ ಮಾತ ಹೇಳಿಬಿಡ್ತೇನಿ. ದೆವ್ವ, ಗಾಳಿ, ಶಕುನ ಯಾವುದನ್ನೂ ನಾ ನಂಬಂವ ಅಲ್ಲ. ಯಾರರೆ ಇಂಥಾದ್ದು ಹೇಳಾಕ ಚಾಲೂ ಮಾಡಿದ್ರ, "ಟೈಮ್ ಎಷ್ಟಾಗಿತ್ತು, ಬರದಿಟ್ಟೀರೇನು?" ಅಂತ ಕೇಳಿ ಅವರ ಬಾಯಿ ಮುಚ್ಚಸ್ತಿದ್ನಿ. ಈಗ ನಾನ ಹೇಳಾಕ ಕುಂತೇನಿ. ನೀವೂ ಹಂಗ ಕೇಳ್ರಿ, ನನಗೇನು ಸಿಟ್ಟಿಲ್ಲ.

ನನ್ನ ಕೆಲಸ ಮೀನಿಂದು. ಬಿಸಲು ವರ್ಷದಿಂದ ವರ್ಷಕ್ಕ ಏರಾಕತ್ತೇತಿ, ಅದರಾಗ ಕೆರಿ, ಹೊಂಡದ ಮೀನು ಹೆಂಗ ಬಾಳೇವು ಮಾಡ್ತಾವ ಅಂತ ನೋಡೋ ಒಂದ ಸಂಶೋಧನಾ ತಂಡದಾಗ ನಾ ಎಲ್ಲಾರಕಿಂತ ಕೆಳಗಿನಂವ. ದೊಡ್ಡಾವ್ರು ವರದಿ ಬರೀತಾರ, ನಾ ದಂಡಿಮ್ಯಾಲ ಕುಂತು ಸೊಳ್ಳಿ ಸಾಕ್ತೇನಿ. ನಮ್ಮಜ್ಜ ಸಂಸ್ಕೃತ ಪಂಡಿತ. ನಮ್ಮ ಮನ್ಯಾಗ ಮೀನು ಅಂದ್ರ ದಶಾವತಾರದ ಫೋಟೋದಾಗಿನ ಮೊದಲನೇದು ಅಷ್ಟ. ನಾ ಈ ಕೆಲಸಕ್ಕ ಸೇರಿದ ದಿನ ಅವ್ವ ನನ್ನ ತಾಟು ಬ್ಯಾರೆ ಇಟ್ಟಳು, ಇನ್ನೂ ಕೂಡಿಸಿಲ್ಲ.

ಅದು ಮೂರು ವರ್ಷದ ಹಿಂದಿನ ಬ್ಯಾಸಗಿ. ಹಾನಗಲ್ಲ, ಸವಣೂರ, ಹಂಸಭಾವಿ ಕಡೆ ಹೊಂಡ ಮುಗಿಸಿ, ವಾರದಾಗ ಐದನೇ ರಾತ್ರಿ ಅಂತ ದುಂಡಸಿ ಹತ್ರ ನೀಲಕ್ಕನ ಹೊಂಡಕ್ಕ ಬಂದಿದ್ನಿ. ಎಷ್ಟ ದಣದಿದ್ನಿ ಅಂದ್ರ, ಶಿಗ್ಗಾಂವಿ ಸ್ಟ್ಯಾಂಡಿನ್ಯಾಗ ನಿಂತಕೊಂಡ ನಿದ್ದಿ ಮಾಡಿ ಎರಡ ಬಸ್ ಬಿಟ್ಟಿದ್ನಿ. ರಾತ್ರಿನ ಯಾಕಂದ್ರ, ಬೆಳಕ ಹರಿಯೋದಕ್ಕ ಸ್ವಲ್ಪ ಮೊದಲ ನೀರಾಗಿನ ಉಸಿರು, ಅಂದ್ರ ಆಕ್ಸಿಜನ್, ಭಾಳ ಕಡಿಮಿ ಆಗತೈತಿ. ಮೋಡ ಕಟ್ಟಿ, ಗಾಳಿ ಬಿದ್ದು, ಧಗಿ ಹಿಡಿದ ದಿನ ಅಂತೂ ಒಂದ ಮುಂಜಾನಿ ಒಳಗ ಹೊಂಡಕ್ಕ ಹೊಂಡನ ಸತ್ತ ತೇಲತೈತಿ. ಆವತ್ತು ಅಂಥಾ ದಿನ.

ನೀಲಕ್ಕ ಐವತ್ತ ದಾಟಿದಾಕಿ. ಆಕಿ ಮನ್ಯಾಗೂ ಮೀನು ಮುಟ್ಟಂಗಿಲ್ಲ. ಗೋವಿನಜೋಳದ ಹೊಲದಾಗ ಹೊಂಡ ತೋಡಿಸಿ ಕಾಟ್ಲಾ, ರೋಹು ಬಿಟ್ಟಾಗ ಊರ ಮಂದಿ, "ಲಿಂಗಪೂಜಿ ಮಾಡೋ ಕೈಲೆ ಮೀನಕ್ಕ ಮೇವ ಹಾಕ್ತಿಯೇನವಾ?" ಅಂತ ಆಡಿಕೊಂಡಿದ್ರು. ಈ ಸಲ ಮೀನು ಹಾಳಾದ್ರ ಹೊಂಡ ಮುಚ್ಚಿಸೇ ಬಿಡ್ತೇನಿ ಅಂತ ಮೈದುನ ಬ್ಯಾರೆ ಕುಂತಿದ್ದ. ಮೀನು ಒಂದೊಂದು ಮೊಣಕೈ ಉದ್ದ ಬೆಳದಿದ್ವು. ಮುಂದಿನ ವಾರ ಹಿಡಿಯೋದಿತ್ತು.

ಉಸಿರು ಕಡಿಮಿ ಆದ್ರ ಡೀಸಲ್ ಇಂಜಿನ್ ಹಚ್ಚಿ, ಹೊಂಡದ ನೀರ ಎತ್ತಿ ಮತ್ತ ಹೊಂಡಕ್ಕ ಸುರವಬೇಕು. ಕೈಲೆ ಹ್ಯಾಂಡಲ್ ತಿರುವಿ ಹಚ್ಚೋ ಹಳೇ ಇಂಜಿನ್. ಸಂಜಿಮುಂದ ನಾನೂ ಒಮ್ಮೆ ತಿರುವಿದ್ನಿ. ಇಂಜಿನ್ ಕೆಮ್ಮಲಿಲ್ಲ, ನಾ ಕೆಮ್ಮಿದ್ನಿ. ನೀಲಕ್ಕ ಸೆರಗ ಸಿಗಿಸಿ ಎರಡ ಸುತ್ತಿನ್ಯಾಗ ಹಚ್ಚಿ ತೋರಿಸಿ, ಬಂದ್ ಮಾಡಿದಳು. ಕಳುವಾಗತೈತಿ ಅಂತ ರಾತ್ರಿ ಹ್ಯಾಂಡಲ್ ಮನಿಗೆ ಒಯ್ಯೋದು ಅಲ್ಲೆ ಎಲ್ಲಾರ ರೂಢಿ.

"ಇಟ್ಟ ಹೋಗ್ರಿ ಅಕ್ಕಾ," ಅಂದ್ನಿ.

"ಬ್ಯಾಡ್ರೀ ಸಾಹೇಬ್ರ. ನೀವು ಹಿಡದ್ರ ಹ್ಯಾಂಡಲ್ಲ ನಿಮ್ಮನ್ನ ತಿರವತೈತಿ. ಕಡಿಮಿ ಆತಂದ್ರ ಫೋನ್ ಹಚ್ರಿ, ಓಡಿ ಬರ್ತೇನಿ."

ಎಂಟು, ಹತ್ತು, ಹನ್ನೆರಡು, ಎರಡು. ಎರಡ ತಾಸಿಗೊಮ್ಮೆ ಆಕ್ಸಿಜನ್ ಅಳಿಯೋ ಮೀಟರಿನ ಕಡ್ಡಿ ನೀರಾಗ ಇಳಿಬಿಟ್ಟು ಬರಕೊಂಡ್ನಿ. ಪ್ರತಿ ಸಲ ಅದ ಸಂಖ್ಯೆ, ಭಾಳ ಛಲೋ ಸಂಖ್ಯೆ. ಬುದ್ಧಿ ಇದ್ದಂವ ಆಗಿದ್ರ ಸಂಶಯ ಬರ್ತಿತ್ತು. ನನಗ ನಿದ್ದಿ ಬಂತು. ಹತ್ತಕ್ಕ ನೀಲಕ್ಕ ಫೋನ್ ಮಾಡಿದಾಗ "ಫಸ್ಟ್ ಕ್ಲಾಸ್ ಐತ್ರಿ, ಮಲಕೋರಿ" ಅಂದಿದ್ನಿ. ಎರಡರದು ಬರದ ಮ್ಯಾಲ ಕುಂತಲ್ಲೇ ಒರಗಿದ್ನಿ. ನಾಕರದು ಬರೀಲಿಲ್ಲ.

ಎಚ್ಚರ ಆದಾಗ ಇಂಜಿನ್ ಓಡಾಕತ್ತಿತ್ತು.

ಮೂಡಲಾಗ ಇನ್ನೂ ಬೆಳಕಿದ್ದಿದ್ದಿಲ್ಲ. ಪೈಪಿನ್ಯಾಗಿಂದ ನೀರು ದಬದಬ ಬೀಳಾಕತ್ತಿತ್ತು. ಟಾರ್ಚ್ ಬಿಟ್ಟು ನೋಡಿದ್ನಿ. ಹೊಂಡದಾಗಿನ ಮೀನೆಲ್ಲಾ ಆ ನೀರು ಬೀಳೋ ಮೂಲ್ಯಾಗ ಒತ್ತಿ ನಿಂತು, ಬಾಯಿ ಮ್ಯಾಲ ಮಾಡಿ ಉಸಿರಿಗೆ ಬಡದಾಡಾಕತ್ತಿದ್ವು. "ಅಕ್ಕಾ, ಯಾವಾಗ ಬಂದ್ರಿ?" ಅಂತ ಒದರಿದ್ನಿ. ಯಾರೂ ಓ ಅನ್ನಲಿಲ್ಲ.

ಸ್ವಲ್ಪ ಹೊತ್ತಿಗೆ ಇಂಜಿನ್ ಸಪ್ಪಳ ಕೇಳಿ ನೀಲಕ್ಕ ಬದುವಿನ ಮ್ಯಾಲ ಓಡಿ ಬಂದಳು. ಹ್ಯಾಂಡಲ್ ಆಕಿ ಕೈಯಾಗಿತ್ತು.

"ಹೆಂಗ ಹಚ್ಚಿದ್ರಿ?"

"ನಾ ಹಚ್ಚಿಲ್ಲ."

"ಚ್ಯಾಷ್ಟಿ ಬ್ಯಾಡ್ರಿ."

"ನಮ್ಮವ್ವನ ಆಣಿ ಅಕ್ಕಾ, ಮಲಗಿದ್ನಿ."

ಮೀಟರ್ ಎತ್ತಿ ನೋಡಿದ್ನಿ, ಕಡ್ಡಿಗೆ ಟೊಪಗಿ ಹಂಗ ಇತ್ತು. ಕಡ್ಡಿ ತುದಿ ಒಣಗಬಾರದು ಅಂತ ಒದ್ದಿ ಸ್ಪಂಜ್ ಇಟ್ಟ ಟೊಪಗಿ ಹಾಕಿಟ್ಟಿರ್ತೇವಿ. ಅದನ್ನ ತಗೀಲಾರದ ಇಡೀ ರಾತ್ರಿ ಅಳತಿ ಮಾಡಿದ್ನಿ. ನಾ ಬರಕೊಂಡಿದ್ದು ಹೊಂಡದ ಉಸಿರಲ್ಲ, ಟೊಪಗಿ ಒಳಗಿನ ಗಾಳಿ. ಟೊಪಗಿ ತಗದು ಆಚಿ ದಂಡ್ಯಾಗ ಇಳಿಬಿಟ್ರ ಸಂಖ್ಯೆ ಸೊನ್ನಿ ಹತ್ರ ಬಂದು ನಿಂತಿತು. ಇಂಜಿನ್ ಹತ್ತಲಾರದ ಇದ್ದಿದ್ರ ಬೆಳಗಾಗೋದ್ರಾಗ ಒಂದೂ ಉಳೀತಿದ್ದಿಲ್ಲ.

ಇದನ್ನ ಮುಚ್ಚಿಡಬಹುದಿತ್ತು. ಮುಚ್ಚಿಡಾಕೂ ತ್ರಾಣ ಬೇಕಲ್ಲ, ಅದು ಇದ್ದಿದ್ದಿಲ್ಲ. ಎಲ್ಲಾ ಹೇಳಿ, ಬೈತಾಳ ಅಂತ ತಲಿ ತಗ್ಗಿಸಿ ಕುಂತ್ನಿ. ನೀಲಕ್ಕ ಬೈಲಿಲ್ಲ. ಹ್ಯಾಂಡಲ್ ತೊಡಿಮ್ಯಾಲ ಇಟಕೊಂಡು ಇಂಜಿನ್ ನೋಡಕೋತ ಕುಂತಳು. ಬಂದ್ ಮಾಡಾಕ ಇಬ್ಬರಿಗೂ ಧೈರ್ಯ ಆಗಲಿಲ್ಲ. ಡೀಸಲ್ ಮುಗದು ತಾನ ನಿಂತಾಗ ಬಿಸಲು ಬಿದ್ದಿತ್ತು. ಮೀನು ಕೆಳಗ ಇಳದಿದ್ವು.

ಶಿಗ್ಗಾಂವಿಯಿಂದ ಬಂದ ಇಂಜಿನ್ ರಿಪೇರಿ ಮಿಸ್ತ್ರಿ, "ತಿರುವಲಾರದ ಹತ್ತೂ ಮಷಿನ್ ಅಲ್ರೀ ಇದು" ಅಂದ. ಯಾರರೆ ತಮ್ಮ ಹ್ಯಾಂಡಲ್ ತಂದು ಹಚ್ಚಿರಬೇಕು ಅಂತ ನಾನೂ ಮೊದಲ ಅನಕೊಂಡ್ನಿ. ಆದ್ರ ಉಪಕಾರ ಮಾಡಿ ಸುಮ್ಮನ ಹೋಗೋ ಮಂದೀನ ನಮ್ಮ ಕಡೆ ನಾ ಕಂಡಿಲ್ಲ, ಒಂದ ಕಪ್ ಚಹಾ ಕುಡಿಸಿದ್ರ ಆರ ತಿಂಗಳ ಹೇಳ್ತಾರ. ಅಕ್ಕಪಕ್ಕದ ಹೊಲದಾವ್ರನ್ನೆಲ್ಲಾ ಕೇಳಿದ್ವಿ. ಯಾರೂ ಹೂಂ ಅನ್ನಲಿಲ್ಲ. ನಾನ ನಿದ್ದಿಗಣ್ಣಾಗ ತಿರುವಿದ್ನೋ ಏನೋ ಅಂದ್ರ, ಹ್ಯಾಂಡಲ್ ಇದ್ದಿದ್ದು ನೀಲಕ್ಕನ ತಲಿದಿಂಬಿನ ಕೆಳಗ.

ಸಂಜಿಮುಂದ ಬ್ಯಾಗ್ ಹಾಕ್ಕೊಂಡು ಹೊಂಟಾಗ ಆಕಿ ಒಂದ ಮಾತ ಕೇಳಿದಳು.

"ನಾ ಮನ್ಯಾಗ ಮಲಗಿದ್ನಿ, ನೀವು ಇಲ್ಲೆ ಮಲಗಿದ್ರಿ. ಹಂಗಾರ ರಾತ್ರಿ ಮೀನ ಕಾಯಾಕತ್ತಿದ್ದಾವ್ರು ಯಾರ್ರೀ, ಸಾಹೇಬ್ರ?"

ಎಂಥಾ ಪ್ರಶ್ನಿಗೂ ಒಂದ ಚ್ಯಾಷ್ಟಿ ಉತ್ತರ ಕೊಡಂವ ನಾನು. ಆವತ್ತ ವಹಿ ತಗದು, ನಾಕರದು ಬರೀಲಾರದ ಬಿಟ್ಟಿದ್ದ ಸಾಲಿನ್ಯಾಗ ಆಕಿ ಪ್ರಶ್ನಿ ಬರಕೊಂಡ್ನಿ. ಅದರ ಮುಂದಿನ ಜಾಗಾ ಇನ್ನೂ ಖಾಲಿ ಐತಿ.