ಡಿಕ್ಕಿ ಆಯ್ತು, ಸೀಟು ಬಾಕಿ

ನಮ್ಮ ಚಿಕ್ಕಪ್ಪನದು ಕನ್ನಡಕದ ಅಂಗಡಿ. ಚಿಕ್ಕಪ್ಪ ಅಂದರೆ ನನ್ನ ಅಮ್ಮನ ತಂಗಿಯ ಗಂಡ. ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಗಿರಾಕಿಯನ್ನು ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಏರಿಸಿ, ಒಂದು ಗಾಜು ಹಾಕಿ, ಅದನ್ನು ತೆಗೆದು ಇನ್ನೊಂದು ಹಾಕಿ, "ಇದಾ, ಅದಾ?" ಎಂದು ಕೇಳುವುದು ಅವರ ಕಸುಬು. ಗಿರಾಕಿ "ಇದು" ಎಂದರೆ ಅಲ್ಲಿಗೆ ಮುಗಿಯುವುದಿಲ್ಲ. ಮತ್ತೊಂದು ಗಾಜು ಬರುತ್ತದೆ, ಮತ್ತೆ "ಇದಾ, ಅದಾ?" ಆಯಸ್ಸೆಲ್ಲ ಇದನ್ನೇ ಕೇಳಿ ಕೇಳಿ ಈ ಪ್ರಶ್ನೆ ಅವರ ರಕ್ತಕ್ಕೇ ಇಳಿದುಬಿಟ್ಟಿದೆ. ಬೀದಿಯವರು ಅವರನ್ನು ಇದಾ-ಅದಾ ಎಂದೇ ಕರೆಯುತ್ತಾರೆ, ಅದೂ ಎದುರಿಗೇ. ಟವೆಲ್ ಕೊಳ್ಳಲು ಹೋದರೆ ಅಂಗಡಿಯವನು ಶಟರ್ ಎಳೆಯುವ ಹೊತ್ತಿಗೆ ಬರಿಗೈಯಲ್ಲಿ ಮನೆಗೆ ಬರುವ ಮನುಷ್ಯ.

"ನಮ್ಮ ಮದುವೆ ಮಾತಾಗೋ ಹೊತ್ತಿಗೆ ಅಕ್ಕಂಗೆ ಆಗಲೇ ಮದುವೆ ಆಗಿತ್ತು, ಬಚಾವು," ಎನ್ನುತ್ತಾರೆ ಚಿಕ್ಕಮ್ಮ. "ಇಲ್ಲಾಂದ್ರೆ ಇವತ್ತಿಗೂ ನಮ್ಮಿಬ್ಬರನ್ನ ಅಕ್ಕಪಕ್ಕ ನಿಲ್ಲಿಸ್ಕೊಂಡು ಯೋಚನೆ ಮಾಡ್ತಾ ಇರೋರು."

ಇಂಥ ಮನುಷ್ಯ ಕಾರು ಕೊಳ್ಳಲು ಹೊರಟರು.

ಹೊರಡಲೇಬೇಕಾಗಿತ್ತು. ಪ್ರತಿ ಭಾನುವಾರ ಚಿಕ್ಕಮ್ಮ ಊರಿನ ಆ ತುದಿಯಿಂದ ಈ ತುದಿಗೆ, ಅಂದರೆ ನಮ್ಮ ಮನೆಗೆ ಬಂದು, ಅಮ್ಮನ ಜೊತೆ ಇಸ್ಪೀಟು ಆಡಿ, ಜಗಳವಾಡಿಕೊಂಡು ಹೋಗುವುದು ಎಷ್ಟೋ ಕಾಲದಿಂದ ನಡೆದುಕೊಂಡು ಬಂದಿತ್ತು. ಅಮ್ಮ ಆಟದಲ್ಲಿ ಮೋಸ ಮಾಡುತ್ತಾಳೆ. ಜೋಕರ್ ಎಲೆಯನ್ನು ತೊಡೆಯ ಕೆಳಗೆ ತಳ್ಳಿಕೊಂಡು, ಏನೂ ಗೊತ್ತಿಲ್ಲದವಳ ಹಾಗೆ ಕಿಟಕಿಯಾಚೆ ನೋಡುತ್ತಾಳೆ. ಚಿಕ್ಕಮ್ಮ "ತೆಗಿ ಆಚೆ" ಎನ್ನುತ್ತಾರೆ. ಅಲ್ಲಿಂದ ಜಗಳ ಶುರು. ಆ ಜಗಳವೇ ಇಬ್ಬರಿಗೂ ವಾರದ ಊಟ. ಹೀಗಿರುವಾಗ ಚಿಕ್ಕಪ್ಪನ ಹಳೇ ಕಾರು ನಡುರಸ್ತೆಯಲ್ಲಿ ಕೈಕೊಟ್ಟಿತು. ಅದೇ ಸಮಯಕ್ಕೆ ಚಿಕ್ಕಮ್ಮನ ಬಲಗಾಲಿನ ಮಂಡಿಯೂ ಮುಷ್ಕರ ಹೂಡಿತು. ಒಮ್ಮೆ ಬಾಡಿಗೆ ಕಾರಿನಲ್ಲಿ ಬಂದರು. ಕಾಲು ಮಡಚಲಾಗದೆ, ಚಾಚಲೂ ಆಗದೆ ಹಿಂದಿನ ಸೀಟಿನಲ್ಲಿ ಸಿಕ್ಕಿಕೊಂಡರು; ಅವರನ್ನು ಈಚೆ ಎಳೆಯುವಷ್ಟರಲ್ಲಿ ನನಗೂ ಡ್ರೈವರನಿಗೂ ಸಾಕುಬೇಕಾಯಿತು. ಆಮೇಲೆ ಕಾಲು ಚಾಚುವಂಥ ದೊಡ್ಡ ಕಾರು ಬರುವ ತನಕ ತಾನು ಹೊರಡುವುದಿಲ್ಲ ಎಂದುಬಿಟ್ಟರು.

ಆ ಕಡೆ ಹಾಗಾದರೆ, ಈ ಕಡೆ ಅಮ್ಮನಿಗೆ ಮರೆವು ಬಂತು. ಮೊದಲು ಒಲೆ ಆರಿಸುವುದನ್ನು ಮರೆತಳು, ಆಮೇಲೆ ನನ್ನನ್ನು. ಹೆತ್ತ ಮಗಳಾದ ನನ್ನನ್ನು ಈಗ ಮಹಡಿ ಮೇಲಿನ ಬಾಡಿಗೆಯವಳು ಅಂದುಕೊಂಡಿದ್ದಾಳೆ. ಬೆಳಿಗ್ಗೆ ಎದ್ದು ಕಾಫಿ ಕೊಟ್ಟರೆ, "ನೀವ್ಯಾಕೆ ತೊಂದರೆ ತಗೊಂಡ್ರಿ, ನಲ್ಲಿ ಮಾತ್ರ ಸರಿಯಾಗಿ ನಿಲ್ಲಿಸಿ," ಎನ್ನುತ್ತಾಳೆ. ನಮ್ಮ ಮನೆಗೆ ಮಹಡಿಯೇ ಇಲ್ಲ. ಗೇಟು ದಾಟು ಅಂದರೆ ದಾಟುವುದಿಲ್ಲ, ಗುರುತಿಲ್ಲದವರ ಗಾಡಿ ಹತ್ತುವುದಿಲ್ಲ. ಆದರೆ ತಂಗಿ ಮಾತ್ರ ಇನ್ನೂ ನೆನಪಿದ್ದಳು. ಎಷ್ಟು ದಿನ ನೆನಪಿರುತ್ತಾಳೋ ಡಾಕ್ಟರಿಗೂ ಗೊತ್ತಿರಲಿಲ್ಲ. ಅಷ್ಟರೊಳಗೆ ಕಾರು ಬರಬೇಕಾಗಿತ್ತು, ಮತ್ತು ಆ ಕಾರನ್ನು ಆರಿಸುವವರು ಇದಾ-ಅದಾ.

ಬಸ್ ನಿಲ್ದಾಣದ ರಸ್ತೆಯಲ್ಲಿ ಎದುರುಬದುರು ಎರಡು ಶೋರೂಮು. ಎರಡರಲ್ಲೂ ಒಂದೊಂದು ಸೆಡಾನ್, ಅಂದರೆ ಹಿಂದೆ ಉದ್ದಕ್ಕೆ ಡಿಕ್ಕಿ ಇರುವ, ಸಂಸಾರಸ್ಥರ ಕಾರು. ತೀರಾ ದೊಡ್ಡದಲ್ಲ, ಆದರೆ ಹಿಂದೆ ಕಾಲು ಚಾಚುವಷ್ಟು ಜಾಗ ಇತ್ತು. ಎರಡಕ್ಕೂ ಒಂದೇ ಬೆಲೆ, ಸರಿಸುಮಾರು ಒಂದೇ ಉದ್ದ, ಒಂದೇ ತರಹದ ಬೂದು ಬಣ್ಣ. ನನ್ನ ಕಣ್ಣಿಗೆ ಅವಳಿಜವಳಿ. ಚಿಕ್ಕಪ್ಪನ ಕಣ್ಣಿಗೆ ಅಜಗಜಾಂತರ. ಒಂದರ ಬಾಗಿಲು ಹಾಕಿದರೆ "ಧಪ್" ಎನ್ನುತ್ತದಂತೆ, ಇನ್ನೊಂದರದು "ಟಪ್" ಅಂತೆ. ಧಪ್ ಗಟ್ಟಿ, ಆದರೆ ಟಪ್ ಮರ್ಯಾದಸ್ಥ. ಒಂದು ಕಾರು ಲೀಟರಿಗೆ ಹೆಚ್ಚು ಓಡುತ್ತದೆ, ಇನ್ನೊಂದು ರಸ್ತೆಯ ಉಬ್ಬು ಹತ್ತಿಳಿದರೂ ಹೊಟ್ಟೆ ಉಜ್ಜಿಕೊಳ್ಳುವುದಿಲ್ಲ. ಒಂದರಲ್ಲಿ ಹಿಂದೆ ಕೂತವರಿಗೂ ತಣ್ಣನೆ ಗಾಳಿ, ಇನ್ನೊಂದರಲ್ಲಿ ಹಿಂದೆ ಕೂತವರಿಗೆ ಮೊಣಕೈ ಇಡಲು ಮೆತ್ತನೆ ಹಲಗೆ. ಅಂಗಡಿಯಲ್ಲೂ ಇದೇ ರಾಮಾಯಣ. ಅಕ್ಷರ ಓದುತ್ತಿರುವ ಗಿರಾಕಿಯನ್ನು ನಡುವೆ ತಡೆದು, "ನಿಮ್ಮದು ಯಾವ ಗಾಡಿ, ಹಿಂದೆ ಮೂರು ಜನ ಕೂರ್ತಾರಾ?" ಎಂದು ಕೇಳಿ, ಆಮೇಲೆ ಯಾವ ಗಾಜು ಹಾಕಿದ್ದೆನೆಂದು ತಾವೇ ಮರೆತು, ಮೊದಲಿನಿಂದ ಶುರುಮಾಡುತ್ತಿದ್ದರು.

ಇನ್ನೊಂದು ಪೀಕಲಾಟ ಅಂದರೆ, ಅವರು ಕಾರುಗಳ ಹೆಸರು ಹೇಳುತ್ತಿರಲಿಲ್ಲ. ಹೆಸರು ಹಿಡಿದರೆ ಮನಸ್ಸು ಒಂದು ಕಡೆ ವಾಲುತ್ತದಂತೆ. ಒಂದು "ಈ ಕಡೆಯದು", ಇನ್ನೊಂದು "ಆ ಕಡೆಯದು". ಆದರೆ ರಸ್ತೆ ದಾಟಿದ ಕೂಡಲೇ ಈ ಕಡೆಯದು ಆ ಕಡೆಯದಾಗುತ್ತಿತ್ತು. "ಈ ಕಡೆಯದೇ ಮನಸ್ಸಿಗೆ ಬಂತು" ಎಂದು ಫೋನು ಮಾಡಿದಾಗ ಅವರು ಎಲ್ಲಿ ನಿಂತಿದ್ದಾರೆ ಎಂದು ಕೇಳಬೇಕು. ಕೇಳಿದರೆ, "ನಡುರಸ್ತೇಲಿದ್ದೀನಿ" ಎನ್ನುತ್ತಿದ್ದರು. ನಿಜವಾಗಿಯೂ ಅಲ್ಲೇ ಇರುತ್ತಿದ್ದರು. ಹಿಂದಿನಿಂದ ಬಸ್ಸಿನ ಹಾರನ್ ಕೇಳಿಸುತ್ತಿತ್ತು.

ಎರಡೂ ಶೋರೂಮಿನವರಿಗೆ ಅವರು ಮನೆಯವರೇ ಆಗಿಹೋದರು. ಹೋದ ತಕ್ಷಣ ಟೀ ಬರುತ್ತಿತ್ತು. ಈ ಕಡೆಯ ಮಾರಾಟಗಾರನಿಗೂ ಆ ಕಡೆಯ ಮಾರಾಟಗಾರನಿಗೂ ಚಿಕ್ಕಪ್ಪನೇ ಕನ್ನಡಕ ಮಾಡಿಕೊಟ್ಟರು. ಇಬ್ಬರಿಗೂ ಬಡ್ತಿ ಸಿಕ್ಕಿತು, ಒಬ್ಬನಿಗೆ ಮಗುವೂ ಆಯಿತು. ನಮಗೆ ಕಾರು ಮಾತ್ರ ಬರಲಿಲ್ಲ.

ಅಷ್ಟೂ ದಿನ ಅಕ್ಕತಂಗಿ ಫೋನಿನಲ್ಲೇ ಇಸ್ಪೀಟು ಆಡಿದರು. ಅಲ್ಲೊಂದು ಕಟ್ಟು, ಇಲ್ಲೊಂದು ಕಟ್ಟು. ಒಬ್ಬಳು ಎಸೆದ ರಾಣಿ ಇನ್ನೊಬ್ಬಳ ಕೈಯಲ್ಲೂ ಇರುತ್ತಿತ್ತು. ಇಬ್ಬರೂ ಗೆಲ್ಲುತ್ತಿದ್ದರು. ಆದರೆ ತೊಡೆಯ ಕೆಳಗಿನ ಜೋಕರ್ ಫೋನಿನಲ್ಲಿ ಕಾಣುವುದಿಲ್ಲವಲ್ಲ, ಜಗಳಕ್ಕೆ ರುಚಿ ಕೆಟ್ಟಿತು. ಒಂದು ದಿನ ಅಮ್ಮ ಫೋನು ಎತ್ತಿ, "ಯಾರು ಮಾತಾಡೋದು?" ಎಂದಳು. ಮಾರನೇ ದಿನವೂ ಅದನ್ನೇ ಕೇಳಿದಳು. ಚಿಕ್ಕಮ್ಮ ಅತ್ತುಬಿಟ್ಟರು. ನನಗೆ ಎಲ್ಲಿಲ್ಲದ ಸಿಟ್ಟು ಬಂದು ಸೀದಾ ಚಿಕ್ಕಪ್ಪನ ಅಂಗಡಿಗೆ ಹೋದೆ.

"ಚಿಕ್ಕಪ್ಪ, ಕಣ್ಣು ಮುಚ್ಕೊಂಡು ಒಂದನ್ನ ತಗೊಳ್ಳಿ. ಎರಡಕ್ಕೂ ನಾಲ್ಕೇ ಚಕ್ರ."

"ಸ್ಟೆಪ್ನಿ ಸೇರಿ ಐದು," ಎಂದರು. "ಆ ಕಡೆಯದರ ಸ್ಟೆಪ್ನಿ ಚಿಕ್ಕದು ಕಣಮ್ಮ. ಅದೇ ಯೋಚನೆ ಆಗಿದೆ."

ತಲೆ ಚಚ್ಚಿಕೊಂಡು ವಾಪಸ್ ಬಂದೆ. ಆದರೂ ನನ್ನ ಮಾತು ಸ್ವಲ್ಪ ತಟ್ಟಿತೆಂದು ಕಾಣುತ್ತದೆ. ಕೊನೇ ಪರೀಕ್ಷೆ ಮಾಡಿಬಿಡುತ್ತೇನೆಂದು, ಆ ವಾರವೇ ಚಿಕ್ಕಮ್ಮನನ್ನು ಬಾಡಿಗೆ ಕಾರಿನಲ್ಲಿ ಹೇಗೋ ತುಂಬಿಕೊಂಡು ಶೋರೂಮಿಗೆ ಕರೆದುಕೊಂಡು ಹೋದರು. ಮೊದಲು ಡಿಕ್ಕಿ, ಆಮೇಲೆ ಸೀಟು ಎಂದು ಅವರ ಲೆಕ್ಕ. ನಡುವೆ ಅಮ್ಮನ ಅಭಿಪ್ರಾಯವನ್ನೂ ಕೇಳೋಣವೆಂದು ನಮ್ಮ ಮನೆಗೆ ಫೋನು ಮಾಡಿದರು. ನಾನು ಬಟ್ಟೆ ಒಣಹಾಕುತ್ತಿದ್ದೆ. ಅಮ್ಮ ಎತ್ತಿದಳು.

ಚಿಕ್ಕಪ್ಪ ಹೇಳಿದ್ದು ಇಷ್ಟು, ಆಮೇಲೆ ಅವರ ಬಾಯಿಂದಲೇ ಕೇಳಿದ್ದು: "ಅಕ್ಕಾ, ಶೋರೂಮ್ ಹತ್ರ ಇದ್ದೀವಿ. ಡಿಕ್ಕಿ ಆಯ್ತು, ಸೀಟು ಬಾಕಿ. ನಿಮ್ಮ ತಂಗಿ ಹಿಂದೆ ಕೂತಿದ್ದಾಳೆ. ಕಾಲು ಮಡಚೋಕೆ ಆಗ್ತಿಲ್ಲ. ಏನ್ಮಾಡೋದು ಹೇಳಿ."

ಅಮ್ಮ ಫೋನು ಅಲ್ಲೇ ಬಿಟ್ಟು ಹಿತ್ತಲಿಗೆ ಬಂದಳು. "ಇವರೇ, ನಿಮ್ಮ ಸ್ಕೂಟರ್ ತೆಗೀರಿ," ಎಂದಳು. "ನನ್ನ ತಂಗಿಗೆ ಡಿಕ್ಕಿ ಆಗಿದೆ. ಹಿಂದೆ ಕೂತಿದ್ಲಂತೆ. ಕಾಲು ಹೋಗಿದೆ."

ಒದ್ದೆ ಬಟ್ಟೆ ಅಲ್ಲೇ ಬಿಟ್ಟು ಒಳಗೆ ಓಡಿದೆ. ಚಿಕ್ಕಪ್ಪ ನಡುರಸ್ತೆಯಲ್ಲಿ ನಿಲ್ಲುವುದು ಗೊತ್ತಿತ್ತಲ್ಲ. ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಗೇಟು ದಾಟದ ಅಮ್ಮ ಮನೆಯ ಚಪ್ಪಲಿಯಲ್ಲೇ ಸ್ಕೂಟರ್ ಹತ್ತಿ ನನ್ನ ಸೊಂಟ ಹಿಡಿದು ಕೂತಳು. ದಾರಿಯುದ್ದಕ್ಕೂ, "ಬೇಗ ಹೋಗಿ, ಬಾಡಿಗೆ ಕಮ್ಮಿ ಮಾಡ್ತೀನಿ," ಎನ್ನುತ್ತಿದ್ದಳು.

ಶೋರೂಮಿನ ಮುಂದೆ ಗಾಜಿನ ಚೂರೂ ಇಲ್ಲ, ಜನರ ಗುಂಪೂ ಇಲ್ಲ. ಒಳಗೆ ಹೋದರೆ ಥಳಥಳ ನೆಲದ ನಡುವೆ ಬೂದು ಕಾರು. ಅದರ ಡಿಕ್ಕಿ ಅರ್ಧ ಮುಚ್ಚಿತ್ತು. ಆ ಸಂದಿನಿಂದ ಬೂಟು ಹಾಕಿದ ಎರಡು ಕಾಲು ಆಚೆ ನೇತಾಡುತ್ತಿದ್ದವು. ಪಕ್ಕದಲ್ಲಿ ಮಾರಾಟಗಾರ ಟೀ ಲೋಟ ಹಿಡಿದು ನಿಂತಿದ್ದ.

"ಯಾರ ಕಾಲು ಅದು?" ಎಂದಳು ಅಮ್ಮ.

"ನಮ್ಮ ಕಸ್ಟಮರ್ದು, ಮೇಡಂ."

"ಜೀವ ಇದ್ಯಾ?"

"ಈಗ ತಾನೇ ಟೀ ಕೇಳಿದ್ರು."

ಮುಚ್ಚಳ ಹಾಕಿದಾಗ ಒಳಗೆ ಬೆಳಕು ಸೋರುತ್ತದೆಯೇ, ಬೆಳಕು ಸೋರಿದರೆ ಮಳೆ ನೀರೂ ಸೋರುತ್ತದಲ್ಲವೇ ಎಂದು ಚಿಕ್ಕಪ್ಪ ಡಿಕ್ಕಿಯೊಳಗೆ ಮಲಗಿ ನೋಡುತ್ತಿದ್ದರು. ಅವರ ಫೋನು ಮೊದಲು ನೋಡಿದ ಎದುರು ಶೋರೂಮಿನ ಕಾರಿನಲ್ಲೇ ಉಳಿದಿತ್ತು. ನನಗೆ ನಗಬೇಕೋ ಆ ಮುಚ್ಚಳವನ್ನು ಅವರ ಮೊಣಕಾಲ ಮೇಲೇ ಹಾಕಬೇಕೋ ತಿಳಿಯಲಿಲ್ಲ.

ಅಷ್ಟರಲ್ಲಿ ಅಮ್ಮ ಹಿಂದಿನ ಬಾಗಿಲ ಹತ್ತಿರ ಹೋಗಿದ್ದಳು. ಒಳಗೆ ಚಿಕ್ಕಮ್ಮ ಕಾಲು ಚಾಚಿ ಕೂತು, ಹೊತ್ತು ಹೋಗದೆ, ಕೈಚೀಲದಲ್ಲಿದ್ದ ಇಸ್ಪೀಟು ಕಟ್ಟನ್ನು ಸೀಟಿನ ಮೇಲೆ ಹರಡಿಕೊಂಡಿದ್ದರು. ಅಕ್ಕನನ್ನು ಕಂಡು ಅವರ ಮುಖ ಅರಳಿತು. ಅಮ್ಮ ಬಗ್ಗಿ ನೋಡಿ ಕೇಳಿದಳು, "ಇವರೇ, ನಿಮಗೇನೂ ಆಗಿಲ್ಲ ತಾನೆ? ಇದೇ ಗಾಡೀಲಿ ನನ್ನ ತಂಗಿ ಇದ್ಲು. ಡಿಕ್ಕಿ ಆಗಿದೆ. ಅವಳನ್ನ ನೋಡಿದ್ರಾ?"

ಆ ಕ್ಷಣ ಚಿಕ್ಕಮ್ಮನ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ತಡವಾಗಿಹೋಯಿತು ಎಂದುಕೊಂಡೆ.

"ನೋಡಿದೆ," ಎಂದರು ಚಿಕ್ಕಮ್ಮ. "ಅವಳಿಗೇನೂ ಆಗಿಲ್ಲ. ಈಗ ಬರ್ತಾಳೆ. ಅಲ್ಲಿವರೆಗೆ ಕೂತ್ಕೊಳ್ಳಿ, ಒಂದಾಟ ಆಡೋಣ."

ತಂಗಿ ಇದ್ದ ಗಾಡಿ ಎಂದ ಮೇಲೆ ಅದು ಗುರುತಿಲ್ಲದವರ ಗಾಡಿ ಹೇಗಾಗುತ್ತದೆ? ಅಮ್ಮ ಹತ್ತಿ ಕೂತಳು. ಎಲೆ ಹಂಚಿದ್ದಾಯಿತು. ಒಂದೆರಡು ಸುತ್ತು ನಡೆಯಿತು. ಆಮೇಲೆ ಅಮ್ಮನ ಬಲಗೈ ಮೆಲ್ಲಗೆ ತೊಡೆಯ ಕೆಳಗೆ ಹೋಯಿತು. ಅವಳು ಕಿಟಕಿಯಾಚೆ ನೋಡಿದಳು.

"ತೆಗಿ ಆಚೆ," ಎಂದರು ಚಿಕ್ಕಮ್ಮ.

ಅಮ್ಮ ತಿರುಗಿದಳು. ಬಾಯಿ ತುಂಬ ನಕ್ಕಳು. "ನಿನ್ನ ಕಣ್ಣಿಗೆ ಮಣ್ಣೆರಚೋಕೆ ಆಗಲ್ವಲ್ಲೇ. ಕಾಲು ಹೇಗಿದ್ಯೇ? ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ?"

ಚಿಕ್ಕಪ್ಪ ಡಿಕ್ಕಿಯಿಂದ ಎದ್ದು ಬಂದರು. "ಇದ್ರಲ್ಲಿ ಬೆಳಕು ಸೋರಲ್ಲ," ಎಂದರು. "ಆದ್ರೂ ಆ ಕಡೆಯದರಲ್ಲಿ ಇನ್ನೊಂದ್ಸಲ ಮಲಗಿ..."

"ರೀ, ಇದೇ," ಎಂದರು ಚಿಕ್ಕಮ್ಮ.

"ಇದಾ? ಅಥವಾ..."

"ಇದೇ. ನಾನು ಕೂತಿರೋದು. ಬೇರೆ ಅಲ್ಲ."

ಮಾರಾಟಗಾರ ತನ್ನ ಕನ್ನಡಕ ಸರಿಮಾಡಿಕೊಂಡು, "ಮೇಡಂ, ಇದು ತೋರಿಸೋಕೆ ಇಟ್ಟಿರೋದು. ನಿಮಗೆ ಹೊಸದು ತರಿಸಿಕೊಡ್ತೀವಿ," ಎಂದ.

"ತೋರಿಸಿದ್ರಲ್ಲ, ನೋಡಿದ್ವಿ," ಎಂದರು ಚಿಕ್ಕಮ್ಮ.

ಕಾಗದಪತ್ರ ಮುಗಿದು ಆ ಕಾರೇ ಬಂತು. ಅದನ್ನು ಹೊರಗೆ ತರುವಾಗ ಎದುರು ಶೋರೂಮಿನವನು ರಸ್ತೆ ದಾಟಿ ಬಂದು, "ನಮ್ಮನ್ನ ಮರೀಬೇಡಿ ಸಾರ್," ಎಂದು ಚಿಕ್ಕಪ್ಪನ ಕೈ ಹಿಡಿದುಕೊಂಡನಂತೆ. ಚಿಕ್ಕಪ್ಪ ಮರೆತಿಲ್ಲ. ಈಗಲೂ ಅಂಗಡಿ ರಜಾ ಇದ್ದಾಗ ಹೋಗಿ ಅಲ್ಲಿನ ಬಾಗಿಲು ಹಾಕಿ ಆ "ಟಪ್" ಕೇಳಿಸಿಕೊಂಡು ಬರುತ್ತಾರೆ.

ಭಾನುವಾರ ಕಾರು ನಮ್ಮ ಗೇಟಿನ ಮುಂದೆ ನಿಲ್ಲುತ್ತದೆ. ಯಾರೂ ಇಳಿಯುವುದಿಲ್ಲ. ಮನೆಯೊಳಗೆ ಬಂದರೆ ಚಿಕ್ಕಮ್ಮ ಅಮ್ಮನಿಗೆ ಯಾರೋ ಹೆಂಗಸು. ಅದೇ ಹಿಂದಿನ ಸೀಟಿನಲ್ಲಿ ಕೂತರೆ, ಆಟ ಸರಿಯಾಗಿ ಕೂಡಿಬಂದರೆ, ತಂಗಿ. ಅದಕ್ಕೆ ಅಮ್ಮನೇ ಹೋಗಿ ಹತ್ತಿಕೊಳ್ಳುತ್ತಾಳೆ. ಲೀಟರಿಗೆ ಎಷ್ಟು ಓಡುತ್ತದೆ ಎಂದು ತಲೆ ಕೆಡಿಸಿಕೊಂಡಿದ್ದ ಚಿಕ್ಕಪ್ಪ, ನಿಂತ ಕಾರಿನ ಸ್ಟೀರಿಂಗ್ ಹಿಡಿದು ಮಧ್ಯಾಹ್ನವೆಲ್ಲ ಸುಮ್ಮನೆ ಮುಂದೆ ಕೂತಿರುತ್ತಾರೆ. ನಾನು ಕಿಟಕಿಯಲ್ಲಿ ಟೀ ಕೊಡುತ್ತೇನೆ. "ಬಾಡಿಗೆಯವರು ಪಾಪ ಒಳ್ಳೆಯವರು," ಎನ್ನುತ್ತಾಳೆ ಅಮ್ಮ. ಒಳ್ಳೆಯವಳೆಂದಾದರೂ ಅಂದಳಲ್ಲ ಎಂದುಕೊಳ್ಳುತ್ತೇನೆ.

ಹೋದ ಭಾನುವಾರ ಟೀ ಕೊಡಲು ಹೋದಾಗ ಆಟ ಮಂಕಾಗಿತ್ತು. ಅಮ್ಮ ಎಲೆ ಹಿಡಿದು ಕೂತಿದ್ದಳು, ಅಷ್ಟೇ. ಜೋಕರ್ ಸೀಟಿನ ಮೇಲೆ ಅಂಗಾತ ಬಿದ್ದಿತ್ತು. ಅದರ ಕಡೆ ಅವಳ ಕೈ ಹೋಗಲೇ ಇಲ್ಲ.

"ನನ್ನ ತಂಗಿ ಬರ್ತಾಳೆ," ಎಂದಳು ಚಿಕ್ಕಮ್ಮನಿಗೆ. "ಅವಳು ಬಂದಾಗ ನೀವು ಈ ಜಾಗ ಬಿಡಬೇಕಾಗತ್ತೆ."

"ಬಿಡ್ತೀನಿ," ಎಂದರು ಚಿಕ್ಕಮ್ಮ.

ಅಮ್ಮ ಕಿಟಕಿಯಾಚೆ ನೋಡುವ ತನಕ ಕಾದರು. ಆಮೇಲೆ ಜೋಕರನ್ನು ತಾವೇ ಎತ್ತಿ, ಮೆಲ್ಲಗೆ ಅಮ್ಮನ ತೊಡೆಯ ಕೆಳಗೆ ತಳ್ಳಿದರು. ಚಿಕ್ಕಪ್ಪ ಕನ್ನಡಿಯಲ್ಲಿ ಅದನ್ನು ನೋಡಿದರು. ನೋಡಿ, ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಬಿಟ್ಟರು.

"ತೆಗಿ ಆಚೆ," ಎಂದರು ಚಿಕ್ಕಮ್ಮ.

ಅಮ್ಮ ತೊಡೆಯ ಕೆಳಗೆ ತಡಕಿದಳು. ಎಲೆ ಸಿಕ್ಕಿತು. ಅದನ್ನು ನೋಡಿದಳು, ಚಿಕ್ಕಮ್ಮನನ್ನು ನೋಡಿದಳು, ಸಿಕ್ಕಿಬಿದ್ದವಳ ಹಾಗೆ ನಕ್ಕಳು.

"ಯಾವಾಗ ಬಂದ್ಯೇ? ಇಲ್ಲೊಬ್ರು ಕೂತಿದ್ರಲ್ಲ, ಹೋದ್ರಾ?"

"ಈಗ ತಾನೇ ಇಳಿದು ಹೋದ್ರು," ಎಂದು ಚಿಕ್ಕಮ್ಮ ಎಲೆ ಕಲೆಸಿದರು.